ಕಾಲಂ ಹನ್ನೊಂದು

ವಿಮೆಯ ಫಾರ್ಮಿನಲ್ಲಿ ಹನ್ನೊಂದನೇ ಕಾಲಂ:
ಘಟನೆ ಹೇಗಾಯಿತು, ಇಂಗ್ಲಿಷಿನಲ್ಲಿ, ನಲವತ್ತು ಪದ ಮೀರದಂತೆ.
ಮೂವತ್ತೊಂಬತ್ತು ಬರೆದಾಗಿದೆ.
ಬೈತಖೋಲದ ಐಸ್ ಫ್ಯಾಕ್ಟರಿ, ಮಂಗಳವಾರ, ನಸುಕಿನ ನಾಲ್ಕೂವರೆ,
ಅಮೋನಿಯಾ, ಎರಡನೇ ಕೋಣೆ, ಹೆಂಗಸರು ಏಳು ಮಂದಿ.
ನಡುವೆ ಒಂದು ಕ್ರಿಯಾಪದದ ಜಾಗ ಖಾಲಿ.

ಡಿಕ್ಷನರಿಗೆ ಮೀನಿನ ವಾಸನೆ. ಹದಿನಾರು ವರ್ಷದಿಂದ
ಈ ಮೇಜಿನ ಖಾನೆಯಲ್ಲಿ
ಬಂಗಡೆಯ ಪಾವತಿ ಪುಸ್ತಕದ ಮಗ್ಗುಲಲ್ಲಿ ಮಲಗಿದೆ.
ಪುಟದಿಂದ ಪುಟಕ್ಕೆ ಆ ವಾಸನೆ ದಾಟಿದ್ದಕ್ಕೂ
ಅದರೊಳಗೇ ಒಂದು ಪದವಿದೆ:
ಪರ್ಮಿಯೇಟ್. ಸಂದುಗಳಲ್ಲಿ ತೂರಿ ಆಚೆ ಮೂಡುವುದು.
ಕಡಲ ಉಪ್ಪು ಸುಣ್ಣದ ಗೋಡೆಯೊಳಗಿಂದ ಬಂದು
ಕ್ಯಾಲೆಂಡರಿನ ಹಿಂದೆ ಹೂ ಬಿಡುತ್ತದಲ್ಲ, ಹಾಗೆ.
ಪರ್ವೇಡ್ ಅಂದರೆ ಎಲ್ಲೆಲ್ಲೂ ಇರುವುದು,
ಹುಡುಕಹೋದರೆ ಇಂಥಲ್ಲಿ ಅಂತ ಸಿಗದಿರುವುದು.
ಸ್ಯಾಚುರೇಟ್: ಗೋಣಿಚೀಲ, ಇನ್ನು ಕುಡಿಯಲಾರೆ ಅಂದ ಹೊತ್ತು.
ಸಫ್ಯೂಸ್ ನಮಗೆ ಬೇಡ. ಅದು ಬೆಳಕಿನದು, ನಾಚಿಕೆಯದು,
ಕಾಳಿ ನದಿ ಸಮುದ್ರ ಸೇರುವ ಸಂಜೆ
ಸೇತುವೆ ಮೇಲಿನ ಬಸ್ಸಿನ ಗಾಜಿಗೆ ಬರುವ ಕೆಂಪು.

ಪಾಲೇಕರ ಸಾಹೇಬರಿಗೆ ಬೇಕಾದ್ದು ಸಣ್ಣದು.
'ಫಿಲ್ಡ್ ಅಂತ ಬರಿ. ಅದಕ್ಕೂ ಮುಂಚೆ ಸಡನ್ಲಿ.'
ಸರ್ವೇಯರು ಕಿವಿಯಲ್ಲಿ ಹೇಳಿದ್ದಾರಂತೆ:
ಒಮ್ಮೆಲೇ ನುಗ್ಗಿದ್ದಕ್ಕೆ ಹಣ ಬರುತ್ತದೆ,
ಮೆಲ್ಲಗೆ ಒಸರಿದ್ದಕ್ಕೆ ಇಲ್ಲ.
ಒಸರಿದ್ದು ಅಪಘಾತವಲ್ಲ, ಅಸಡ್ಡೆ.
ಎರಡೂ ಸೇರಿದರೆ ನಲವತ್ತೊಂದಾಗುತ್ತದೆ ಸರ್, ಎಂದೆ.
'ಯಾವುದಾದರೂ ಒಂದು ಹೊಡೆದುಹಾಕು.'
ಹೆಂಗಸರು ಏಳು ಮಂದಿ ಇದ್ದದ್ದು
ಏಳು ಮಂದಿ ಆಯಿತು.

ಅಷ್ಟರಲ್ಲಿ ದ್ರೌಪದಿ ತಾಂಡೇಲ
ಆಸ್ಪತ್ರೆಯಿಂದ ನೆಟ್ಟಗೆ ಇಲ್ಲಿಗೇ ಬಂದು ಬಾಗಿಲಲ್ಲಿ ನಿಂತಳು.
ಕಣ್ಣಿಗೆ ಹಸಿ ಬಂಗಡೆಯ ಕಿವಿರಿನ ಬಣ್ಣ.
'ಗ್ಯಾಸು ಬಂತು ಅಂತ ಬರೀಬೇಡ ಮಾರಾಯ.
ಬಂದದ್ದಲ್ಲ ಅದು. ಇತ್ತು.
ಚೌತಿ ಹಬ್ಬದಿಂದ ಇತ್ತು. ಕುಟ್ಟಿದ ಬರ್ಫದಲ್ಲಿತ್ತು, ಬುಟ್ಟಿಯಲ್ಲಿತ್ತು,
ಮನೆಗೆ ಹೋಗಿ ಮಗು ಎತ್ಕೊಂಡ್ರೆ ಅದು ಸೀನ್ತಿತ್ತು.
ಬಾಬನಿಗೆ ಹೇಳಿದೆ, ವಾಲ್ವಿಗೆ ಬಟ್ಟೆ ಸುತ್ತಿದ.'

ನನಗೂ ಗೊತ್ತಿತ್ತು.
ಆ ಬಟ್ಟೆಯ ಲೆಕ್ಕ ಬರೆದವನು ನಾನೇ:
ಚಿಂದಿ ಬಟ್ಟೆ, ಇಪ್ಪತ್ತು ರೂಪಾಯಿ, ಇತರೆ ಖರ್ಚು.
ಆಮೇಲೆ ಮೂಗಿಗೆ ರೂಢಿಯಾಯಿತು.

ಪರ್ಮಿಯೇಟ್ ಎಂದು ಬರೆದರೆ ಇವಳ ಔಷಧಕ್ಕೆ ದುಡ್ಡಿಲ್ಲ.
ಫಿಲ್ಡ್ ಎಂದರೆ ಸಾಹೇಬರಿಗೆ ಹೊಸ ಕಂಪ್ರೆಸರ್,
ಅದರಲ್ಲಿ ಉಳಿದ ಚಿಲ್ಲರೆ ಇವಳಿಗೆ.
ಫ್ಯಾನು ತಿರುಗುತ್ತಿತ್ತು. ಧಕ್ಕೆಯಲ್ಲಿ ಯಾರೋ ತಾರ್ಲೆಯ ಹರಾಜು ಕೂಗುತ್ತಿದ್ದರು.
ಬರೆದೆ.

ಓದಿ ಹೇಳು ಅಂದಳು. ಓದಿದೆ.
'ಫಿಲ್ಡ್ ಅಂದ್ರೆ?'
ತುಂಬಿತು, ಎಂದೆ.
ನಕ್ಕಳು. ನಗು ಅರ್ಧದಲ್ಲಿ ಕೆಮ್ಮಾಗಿ
ಕದ ಹಿಡಿದು ನಿಂತಳು ಎಷ್ಟೋ ಹೊತ್ತು.
'ತುಂಬೋದು ಕೊಡ. ತುಂಬೋದು ಬಲೆ.
ಬಸುರಿಗೆ ಒಂಬತ್ತು ತುಂಬ್ತದೆ.
ಈ ದರಿದ್ರಕ್ಕೆ ಯಾಕೋ ಆ ಮಾತು ಕೊಟ್ಟೆ?
ಹೊಗೆ ಹಾಂಗೆ ಅಡರ್ತದೆ ಅದು. ಅಡರ್ತು ಅಂತ ಬರಿ.'

ಅಡರುವುದಕ್ಕೆ ಇಂಗ್ಲಿಷ್ ಹುಡುಕಿದೆ. ಅ ಇಂದ ಹುಡುಕಲು
ಆ ಪುಸ್ತಕದಲ್ಲಿ ಅ ಇಲ್ಲ.

ಕೊನೆಗೆ ಪೆನ್ನು ಇಸಕೊಂಡು ಸಹಿ ಮಾಡಿದಳು, ಒತ್ತಿ ಒತ್ತಿ,
ಶಾಲೆಯ ಪಾಟಿಯ ಮೇಲೆ ಬರೆದಂತೆ.
ಬರ್ಫದ ಕೋಣೆಯ ಪಕ್ಕದ ಕಾಗದ, ಬೇಸಿಗೆಯಲ್ಲೂ ತೇವ.
ಅವಳ ಹೆಸರಿನ ನೀಲಿ ಅಂಚು ಬಿಚ್ಚಿಕೊಂಡು
ಅಡಿಯಿದ್ದ ಖಾಲಿ ಹಾಳೆಗೂ ಇಳಿದಿತ್ತು.

ಮೇಲಿನದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಮುಂಬಯಿಗೆ ಹೋಯಿತು.
ಕೆಳಗಿನದು ಖಾನೆಯಲ್ಲಿದೆ,
ಡಿಕ್ಷನರಿಯ ಪ ಅಕ್ಷರದ ಹತ್ತಿರ.